ರೇಡಿಯೋಗೆ ಹೊಲಿದ ನೇರಳೆ ಅಂಗಿ

ಸಂತರಿಗೆ ಬಟ್ಟೆ ಹೊಲಿಯುವುದು ಸುಲಭ. ಅಳತೆ ತೆಗೆಯುವಾಗ ಅವರು ಅಲ್ಲಾಡುವುದಿಲ್ಲ, ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಮೋಸ ಮಾಡುವುದಿಲ್ಲ, ಹಬ್ಬದ ಹಿಂದಿನ ದಿನ ಅಂಗಡಿಯ ಬಾಗಿಲಲ್ಲಿ ನಿಂತು ‘ಇನ್ನೂ ಕಾಜಾ ಹಾಕಿಲ್ವಾ’ ಎಂದು ಕೇಳುವುದಿಲ್ಲ. ಹೊನ್ನಾವರದ ನಮ್ಮ ಇಗರ್ಜಿಯಲ್ಲಿ ಇಂಥ ಒಳ್ಳೆಯ ಗಿರಾಕಿಗಳು ಐದು ಜನ ಪ್ರತಿಮೆಗಳಾಗಿ ನಿಂತಿದ್ದರು. ಪಾಸ್ಕಾ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಎರಡು ವಾರ ಇರುವಾಗ ಐವರನ್ನೂ ತಲೆಯಿಂದ ಕಾಲಿನವರೆಗೆ ನೇರಳೆ ಬಟ್ಟೆಯಲ್ಲಿ ಮುಚ್ಚುವುದು ಪದ್ಧತಿ. ಆಮೇಲೆ ಹಬ್ಬದವರೆಗೆ ಅವರ ಮುಖ ನಮಗಿಲ್ಲ, ನಮ್ಮ ಮುಖ ಅವರಿಗಿಲ್ಲ. ಆ ಮುಸುಕುಗಳನ್ನು ಹೊಲಿಯುತ್ತಿದ್ದವರು ಪೇಟೆಯಲ್ಲಿ ದರ್ಜಿಯಾಗಿದ್ದ ನನ್ನ ಅಪ್ಪ. ಅರವತ್ತರ ದಶಕದ ಮೊದಲ ಭಾಗದ ಆ ವರ್ಷ ಮಾತ್ರ ಹೊಲಿದವನು ನಾನು. ನನಗಾಗ ಹತ್ತೊಂಬತ್ತು.

ಹಳೆಯ ಮುಸುಕುಗಳನ್ನು ಜಿರಳೆ ತಿಂದಿದ್ದರಿಂದ ಪಾದ್ರಿಗಳು ನೇರಳೆ ಬಟ್ಟೆಯ ಹೊಸ ಥಾನನ್ನೇ ತರಿಸಿದ್ದರು. ಐದು ಸಂತರಿಗೆ ಆಗಿ ಒಂದು ತುಂಡು ಉಳಿಯಿತು. ಪಾದ್ರಿಗಳು ‘ನೀವೇ ಇಟ್ಟುಕೊಳ್ಳಿ’ ಎಂದರು. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ಸಂಜೆ ಅಮ್ಮ ಆ ತುಂಡನ್ನು ನನ್ನ ಮಿಷನ್ನಿನ ಮೇಲೆ ಇಟ್ಟು ಹೇಳಿದಳು:

“ರೇಡಿಯೋಕ್ಕೆ ಒಂದು ಅಂಗಿ ಹೊಲಿ, ಪುತಾ.”

ನಾನು ಕೈಕಾಲು ಸೋತು ಕೂತಿದ್ದೆ. ತಪಸ್ಸುಕಾಲ ಬೇರೆಯವರಿಗೆ ಉಪವಾಸದ ಕಾಲ, ದರ್ಜಿಗೆ ಅದು ಪೆಡಲ್ ತುಳಿಯುವ ಕಾಲ. ಕ್ರಿಸ್ತುವರ ಮನೆಗಳಲ್ಲಿ ಹಬ್ಬದ ಹೊಸ ಬಟ್ಟೆ, ಹಿಂದೂಗಳ ಮನೆಗಳಲ್ಲಿ ಮುಂದಿನ ಮದುವೆಗಳ ರವಿಕೆ, ಎರಡೂ ಒಟ್ಟಿಗೇ ಬಂದು ಮೇಜಿನ ಮೇಲೆ ಬೀಳುತ್ತವೆ. ಆದರೂ ಹೊಲಿದೆ. ನಾಲ್ಕು ಮೂಲೆ, ಮೇಲೊಂದು ಮುಚ್ಚಳ, ಮುಂದೆ ಎರಡು ದುಂಡನೆಯ ತೂತು, ಅಂಚಿಗೆ ಚೆಂದದ ಪಟ್ಟಿ. ಅಮ್ಮ ತೂತಿನೊಳಗೆ ಬೆರಳು ಹಾಕಿ ನೋಡಿದಳು.

“ಇದೆಂತದು?”

“ಕಿವಿ ತಿರುವಲಿಕ್ಕೆ.”

“ಮುಚ್ಚಲಿಕ್ಕೆ ಹೇಳಿದ್ದಾ, ತೆರೀಲಿಕ್ಕೆ ಹೇಳಿದ್ದಾ?”

ಅಭ್ಯಾಸಬಲ, ಏನು ಮಾಡುವುದು. ಅಂಗಿ ಎಂದರೆ ಕುತ್ತಿಗೆ ಬಿಡುವುದು, ತೋಳು ಬಿಡುವುದು. ಎರಡು ತೂತಿಗೂ ತೇಪೆ ಹಾಕಿದೆ. ಹೊನ್ನಾವರ ತಾಲ್ಲೂಕಿನಲ್ಲಿ ಹೊಸ ಅಂಗಿಗೆ ತೇಪೆ ಹಾಕಿಸಿಕೊಂಡ ಮೊದಲನೆಯ ಗಿರಾಕಿ ನಮ್ಮ ರೇಡಿಯೋ ಇರಬೇಕು.

ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅಪ್ಪನಿಗೆ ಪಾಯ್, ಅಮ್ಮನಿಗೆ ಮಾಯ್, ಮಗನಿಗೆ ಪುತಾ. ಇಲ್ಲಿ ಎಲ್ಲವನ್ನೂ ಊರಿನ ಕನ್ನಡಕ್ಕೆ ಇಳಿಸಿದ್ದೇನೆ. ಬೈಗಳು ಮಾತ್ರ ಇಳಿಯಲು ಒಪ್ಪಲಿಲ್ಲ, ಹಾಗಾಗಿ ಈ ಬರಹದಲ್ಲಿ ಅಮ್ಮ ಇದ್ದದ್ದಕ್ಕಿಂತ ಸಾಧುವಾಗಿ ಕಾಣುತ್ತಾಳೆ.

ರೇಡಿಯೋ ಅಪ್ಪನದು. ಬ್ಯಾಟರಿಯ ಮೇಲೆ ನಡೆಯುವ, ಕಪಾಟಿನಷ್ಟು ಭಾರದ ಪೆಟ್ಟಿಗೆ. ನಮ್ಮ ಕೇರಿಗೆಲ್ಲ ಅದೊಂದೇ. ಸಂಜೆಯ ವಾರ್ತೆಯ ಹೊತ್ತಿಗೆ ಅಕ್ಕಪಕ್ಕದವರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಉಳಿದದ್ದು ಎಡಗೈ, ಅದರಲ್ಲಿ ಅಂಗಡಿಯ ಗಜದ ಕೋಲು, ಮತ್ತೆ ರೇಡಿಯೋ. ಮಂಚದ ಕಾಲಿಗೆ ಕೋಲಿನಿಂದ ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ರೇಡಿಯೋ, ಮೂರು ಸಲ ಕುಟ್ಟಿದರೆ ನಾನು. ನನಗಿಂತ ರೇಡಿಯೋಗೆ ಒಂದು ಪೆಟ್ಟು ಕಡಿಮೆ. ಆಯಾಸವೂ ಕಡಿಮೆ, ಪ್ರೀತಿ ಹೆಚ್ಚು.

ಅಮ್ಮ ಅಂಗಿ ಹೊಲಿಸಿದ್ದು ಒಂದು ಹರಕೆಗೆಂದು ಬೂದಿ ಬುಧವಾರ ಬೆಳಿಗ್ಗೆ ಗೊತ್ತಾಯಿತು. ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಬಂದವಳು ರೇಡಿಯೋಗೆ ಅಂಗಿ ತೊಡಿಸಿ, ಅಪ್ಪನ ಕಡೆಗೂ ತಿರುಗದೆ, ನನ್ನ ಕಡೆಗೂ ತಿರುಗದೆ, ಗೋಡೆಯ ಮೇಲಿನ ಯೇಸುವಿಗೆ ಹೇಳಿದಳು:

“ನಲವತ್ತು ದಿನ ಈ ಮನೆಯಲ್ಲಿ ಪೆಟ್ಟಿಗೆ ಮಾತಾಡೂದಿಲ್ಲ. ಅದರ ಬದಲಿಗೆ ಮನುಷ್ಯ ಮಾತಾಡಲಿ. ಹೆಚ್ಚು ಬೇಡ. ಒಂದು ಮಾತು ಸಾಕು.”

ಹಿಂದಿನ ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ ಹೇಳಿದ್ದು ಇಷ್ಟೇ: ತಪಸ್ಸುಕಾಲದಲ್ಲಿ ಸಿನಿಮಾ ಬೇಡ, ರೇಡಿಯೋದ ಹಾಡು ಕಡಿಮೆ ಮಾಡಿ. ಕಡಿಮೆ ಮಾಡಿ ಎಂದಿದ್ದನ್ನು ಅಮ್ಮ ಪೂರ್ತಿ ಮುಚ್ಚಿದ್ದಳು. ಒಂದು ತಪ್ಪು ಮಾತ್ರ ಮಾಡಿದ್ದಳು. ರೇಡಿಯೋದ ಉಪವಾಸ ಮಾಡಬೇಕಾದ ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಅಂದು ಸಂಜೆ ಅಪ್ಪ ಎರಡು ಸಲ ಕುಟ್ಟಿದರು. ಅಮ್ಮ ನೀರು ತಂದಳು. ಅಪ್ಪ ನೀರನ್ನು ನೋಡಿದರು, ಅಮ್ಮನನ್ನು ನೋಡಿದರು, ಮತ್ತೆ ಎರಡು ಸಲ ಕುಟ್ಟಿದರು. ಅಮ್ಮ ಲೋಟವನ್ನು ಹಾಗೇ ಹಿಡಿದು ನಿಂತಿದ್ದಳು.

ಅವತ್ತಿನಿಂದ ದಿನವೂ ವಾರ್ತೆಯ ಹೊತ್ತಿಗೆ ಎರಡು ಪೆಟ್ಟು. ಗಡಿಯಾರ ಇಲ್ಲದೆ ಆ ಹೊತ್ತು ಅವರಿಗೆ ಹೇಗೆ ತಿಳಿಯುತ್ತಿತ್ತೋ.

ಕೇರಿಯವರಿಗೂ ಅಭ್ಯಾಸ ತಪ್ಪಲಿಲ್ಲ. ಸಂಜೆಯಾದರೆ ಬಂದು ಜಗಲಿಯಲ್ಲಿ ಕೂತು ಕಿಟಕಿಯೊಳಗಿನ ನೇರಳೆ ಪೆಟ್ಟಿಗೆಯನ್ನು ನೋಡುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಹಿಂದೂ, ಗದ್ದೆ ನೆಟ್ಟಿಗೆ ಹಾಡು ಹೇಳುವವಳು. ಒಮ್ಮೆ ಶುರು ಮಾಡಿದರೆ ಸಸಿ ಮುಗಿದರೂ ಅವಳ ಹಾಡು ಮುಗಿಯುತ್ತಿರಲಿಲ್ಲ. ಅವಳು ಎಲೆ ಅಡಿಕೆ ಅಗಿಯುತ್ತ ಕೇಳಿದಳು:

“ಎಂತಾ ತಮಾ, ಅದಕ್ಕೆ ಸಿಡುಬು ಬಂದದ್ಯಾ? ಹಾಂಗೆ ಮುಚ್ಚಿಟ್ಟೀರಿ?”

“ಉಪವಾಸ, ಅಜ್ಜೀ.”

“ನಮ್ಮಲ್ಲಿ ಏಕಾದಶಿಗೆ ಬಾಯಿ ಉಪವಾಸ. ನಿಮ್ಮಲ್ಲಿ ಕಿವಿದಾ?”

“ಕಿವಿದು, ಅಜ್ಜೀ. ನಲವತ್ತು ದಿನ.”

“ಆತು ಬಿಡು. ನಂದು ಹತ್ತು ವರ್ಷದಿಂದ ನಡೀತಾ ಉಂಟು,” ಎಂದು ಅವಳು ತನ್ನ ಕಿವುಡು ಕಿವಿಯನ್ನು ತೋರಿಸಿದಳು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಊರಿನಲ್ಲಿ ನನಗಿದ್ದ ಹೆಸರು ಹೊಲಿಗೆಯಿಂದ ಬಂದದ್ದಲ್ಲ, ಹೊಲಿಗೆಯಿಂದ ಬಂದದ್ದು ದೂರುಗಳು ಮಾತ್ರ. ನಾನು ಯಾರ ಸ್ವರವನ್ನಾದರೂ ತೆಗೆಯುತ್ತಿದ್ದೆ. ಪ್ರತಿ ವಾಕ್ಯಕ್ಕೆ ಮೊದಲು ಒಮ್ಮೆ ಕೆಮ್ಮುವ ಪಾದ್ರಿ, ‘ಚಾ’ ಎನ್ನುವುದನ್ನೇ ಮೂಗಿನಲ್ಲಿ ಹಾಡುವ ಚಾದಂಗಡಿಯವರು, ಭಟ್ಕಳದಿಂದ ಬಟ್ಟೆ ತರುತ್ತಿದ್ದ ಸಾಹೇಬರು, ಶಿರಾಲಿ ಬಂತು ಇಳೀರಿ ಎಂದು ಬಸ್ಸು ಶಿರಾಲಿ ಬಿಟ್ಟ ಮೇಲೆ ಕೂಗುವ ಕಂಡಕ್ಟರು. ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದರು. ಮನೆಯ ಯಜಮಾನ ಮಾತ್ರ ಒಳಗೆ ಎಲ್ಲಿದ್ದಾನೆಂದು ನನಗೂ ಗೊತ್ತಿರಲಿಲ್ಲ.

ಅಜ್ಜಿ ಹಾಗೆಂದ ಸಂಜೆಯೇ ನಾನು ಜಗಲಿಯಲ್ಲಿ ನಿಂತು, ವಾರ್ತೆ ಓದುವವರ ಗಂಭೀರ ಸ್ವರದಲ್ಲಿ ಕೇರಿಯ ವಾರ್ತೆ ಓದಿದೆ. ಹಳದೀಪುರದಿಂದ ಬರಬೇಕಾಗಿದ್ದ ಬದನೆಕಾಯಿ ಬಸ್ಸಿನ ಮೇಲೆಯೇ ಮುಂದೆ ಹೋಯಿತು. ಚಾದಂಗಡಿಯ ಹಾಲಿನಲ್ಲಿ ನೀರಿನ ಮಟ್ಟ ನಿನ್ನೆಗಿಂತ ಏರಿದೆ. ಪೇಟೆಯ ಕಿರಿಯ ದರ್ಜಿಯೊಬ್ಬ ಎಡತೋಳನ್ನು ಬಲಕ್ಕೆ ಜೋಡಿಸಿದ್ದು, ಗಿರಾಕಿ ಈಗ ಹಿಂದಕ್ಕೆ ನಡೆಯುತ್ತಿದ್ದಾರೆ. ಜನ ನಕ್ಕರು. ಒಳಗಿನಿಂದ ಗಜದ ಕೋಲಿನ ಎರಡು ಪೆಟ್ಟು ಕೇಳಿತು, ಲವಲವಿಕೆಯ ಪೆಟ್ಟು. ಅಮ್ಮ ಬಾಗಿಲಿಗೆ ಬಂದಳು.

“ಪೆಟ್ಟಿಗೆ ಮುಚ್ಚಿದ್ದು ಇದಕ್ಕೆಯಾ?”

“ನಾನು ಪೆಟ್ಟಿಗೆ ಅಲ್ವಲ್ಲ, ಮಾಯ್. ಹರಕೆ ಹೊತ್ತದ್ದು ಪೆಟ್ಟಿಗೆಗೆ.”

ಅವಳು ವಾದಿಸಲಿಲ್ಲ. ವಾದಿಸುವಷ್ಟು ಶಕ್ತಿ ಉಳಿದಿರಲಿಲ್ಲ ಎಂದು ಈಗ ಅನಿಸುತ್ತದೆ. ಅವಳಿಗೆ ದಿನಕ್ಕೆ ಒಂದೇ ಊಟ, ಉಳಿದ ಎರಡು ಹೊತ್ತು ಗಂಜಿ, ಉಪ್ಪುನೀರಿನ ಮಾವಿನಕಾಯಿ. ಅಪ್ಪನನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಮೈ ಒರೆಸುವುದು ಎಲ್ಲ ಅವಳದೇ. ಎತ್ತುವಾಗೆಲ್ಲ ಅವಳ ಕಣ್ಣು ಅಪ್ಪನ ತುಟಿಯ ಮೇಲೆ ಇರುತ್ತಿತ್ತು, ಒಲೆಯ ಮೇಲಿನ ಹಾಲು ನೋಡುವವರ ಹಾಗೆ.

ಹೀಗೆ ಮೂರು ವಾರ ಕಳೆಯಿತು. ಕುಮಟಾದಿಂದ ಬಂದ ಟೂರಿಂಗ್ ಟಾಕೀಸಿನವರು ಪೇಟೆಯ ಆಚೆ ಬಯಲಿನಲ್ಲಿ ಡೇರೆ ಹಾಕಿದರು. ಸಂಜೆ ಆಟಕ್ಕೆ ಮೊದಲು ಅವರ ಲೌಡ್‌ಸ್ಪೀಕರಿನ ಹಾಡು ನನ್ನ ಅಂಗಡಿಯವರೆಗೆ ಬರುತ್ತಿತ್ತು. ಸಿನಿಮಾ ಬೇಡ ಎಂದರೆ ನೋಡಬಾರದು, ಕಿವಿಗೆ ಬಿದ್ದದ್ದಕ್ಕೆ ನಾನು ಹೊಣೆಯಲ್ಲ ಎಂದುಕೊಂಡು ಹಾಡಿನ ತಾಳಕ್ಕೆ ಪೆಡಲ್ ತುಳಿಯುತ್ತಿದ್ದೆ. ಹಾಡು ಓಡಿದರೆ ಹೊಲಿಗೆಯೂ ಓಡುತ್ತಿತ್ತು, ವಿರಹದ ಹಾಡು ಬಂದರೆ ರವಿಕೆ ಅಲ್ಲೇ ನಿಲ್ಲುತ್ತಿತ್ತು. ರಾತ್ರಿ ಮಲಗಿದರೂ ಕಾಲು ತುಳಿಯುತ್ತಲೇ ಇರುತ್ತಿತ್ತು.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದೆ. ಅಮ್ಮ ಹಿತ್ತಲಿನ ಬಾವಿಕಟ್ಟೆಯಲ್ಲಿದ್ದಳು. ಅಪ್ಪ ಎರಡು ಸಲ ಕುಟ್ಟಿದರು. ವಾರ್ತೆಯ ಹೊತ್ತಲ್ಲ, ಸುಮ್ಮನೆ ಬೇಸರ. ನಾನು ಮಂಚದ ಪಕ್ಕ ನಿಂತು ಕಂಡಕ್ಟರನನ್ನು ತೆಗೆದೆ, ಪಾದ್ರಿಗಳನ್ನು ತೆಗೆದೆ. ಅಪ್ಪನ ಬಾಯಿಯ ಸರಿಯಿದ್ದ ಅರ್ಧ ನಕ್ಕಿತು. ಅರ್ಧ ನಗು ಸಿಕ್ಕರೆ ಪೂರ್ತಿ ಬೇಕೆನ್ನುವ ದುರಾಸೆ ನನ್ನಂಥವರಿಗೆ. ಆಗ ಕೈಗೆ ಬಂದದ್ದು ಅಪ್ಪನದೇ ಸ್ವರ.

ಅಪ್ಪ ಯಾವಾಗಲೂ ಬಾಯಿಯ ಮೂಲೆಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದವರು. ಮಾತು ಇನ್ನೊಂದು ಮೂಲೆಯಿಂದ, ಸ್ವಲ್ಪ ಸೋರಿದಂತೆ ಬರುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅಮ್ಮನನ್ನು ಅವರು ಹೆಸರು ಹಿಡಿದು ಕರೆದದ್ದಿಲ್ಲ. ಅಂಗಡಿಯಿಂದ ಬಂದವರು ಚಪ್ಪಲಿ ಬಿಡುತ್ತ ಹೇಳುವುದು ಒಂದೇ ಮಾತು. ನನ್ನ ಕಾಲರಿನಲ್ಲಿ ಸಿಕ್ಕಿಸಿದ್ದ ಎರಡು ಪಿನ್ನು ತೆಗೆದು ಕಚ್ಚಿದೆ, ಭುಜ ಇಳಿಬಿಟ್ಟೆ, ಒಮ್ಮೆ ಗಂಟಲು ಸರಿಮಾಡಿಕೊಂಡೆ.

“ಕೇಳಿತೇನೇ? ಚಾ ಆತಾ?”

ಅಷ್ಟು ಚೆನ್ನಾಗಿ ಯಾರ ಸ್ವರವೂ ನನಗೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅಪ್ಪನ ಕಣ್ಣು ದೊಡ್ಡದಾಯಿತು. ನಕ್ಕರೋ ಹೆದರಿದರೋ ನೋಡುವ ಮೊದಲೇ ಬಾವಿಯಲ್ಲಿ ಕೊಡ ಬಿದ್ದ ಸದ್ದು ಕೇಳಿತು.

ಅಮ್ಮ ಓಡಿ ಬರಲಿಲ್ಲ. ನಡೆದುಕೊಂಡು ಬಂದಳು. ಒದ್ದೆ ಕೈಯಲ್ಲೇ ಮಂಚದ ಅಂಚಿಗೆ ಕೂತು, ಅಪ್ಪನ ಎಡಗೈ ಹಿಡಿದು, ತೀರ ಮೆಲ್ಲಗೆ ಹೇಳಿದಳು:

“ಕೇಳಿತು. ಹೌದು, ಕೇಳಿತು. ಇನ್ನೊಂದ್ ಸಲ ಹೇಳಿ.”

ಅಪ್ಪನ ತುಟಿ ಅಲ್ಲಾಡಿತು. ಅವಳಿಗಾಗಿ ಅವರು ನಿಜವಾಗಿ ಯತ್ನಿಸಿದರು. ಕುತ್ತಿಗೆಯ ನರ ಎದ್ದು ಬಂತು, ಬಂದದ್ದು ಗಾಳಿ ಮಾತ್ರ. ಅಮ್ಮ ಕಾಯುತ್ತಿದ್ದಳು. ನಾನು ಎರಡು ಪಿನ್ನು ಕಚ್ಚಿಕೊಂಡು ಅವಳ ಬೆನ್ನ ಹಿಂದೆ ನಿಂತಿದ್ದೆ. ಸುಮ್ಮನಿದ್ದಿದ್ದರೆ ಅವಳು ಸಾಯುವವರೆಗೆ ಹರಕೆ ಸಂದಿತೆಂದೇ ನಂಬುತ್ತಿದ್ದಳೇನೋ. ಆದರೆ ಅಪ್ಪ ಇನ್ನೂ ಯತ್ನಿಸುತ್ತಲೇ ಇದ್ದರು. ಅದನ್ನು ನೋಡಲಾಗಲಿಲ್ಲ.

“ಮಾಯ್, ಅದು ನಾನು.”

ಅವಳು ತಿರುಗಿದಳು. ನನ್ನ ಬಾಯಿಯಲ್ಲಿದ್ದ ಪಿನ್ನು ನೋಡಿದಳು. ಬೈಯುತ್ತಾಳೆಂದುಕೊಂಡೆ, ಹೊಡೆದಿದ್ದರೂ ಆಗುತ್ತಿತ್ತು. ಅವಳು ಅಪ್ಪನ ಕೈಯನ್ನು ಚಾದರದೊಳಗೆ ಸೇರಿಸಿ ಎದ್ದಳು.

“ಗಂಜಿ ಉಕ್ಕತದೆ,” ಎಂದು ಒಳಗೆ ಹೋದಳು. ಒಲೆ ಹಚ್ಚಿಯೇ ಇರಲಿಲ್ಲ.

ಆ ಸಂಜೆ ಅಪ್ಪ ಕುಟ್ಟಲಿಲ್ಲ. ಮರುದಿನವೂ ಕುಟ್ಟಲಿಲ್ಲ. ಅಮ್ಮ ಗಂಜಿಯನ್ನೂ ಒಂದು ಹೊತ್ತಿಗೆ ಇಳಿಸಿದಳು. ನಾನು ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆಯ ಜಾಲರಿಯ ಮುಂದೆ ಮೊಣಕಾಲೂರಿದೆ. ಪಾದ್ರಿಗಳಿಗೆ ಗುರುತು ಸಿಗದಿರಲಿ ಎಂದು ಅಲ್ಲಿ ನಾನು ಸ್ವರ ಬದಲಿಸುವುದಿತ್ತು. ಆ ದಿನ ಬದಲಿಸಲು ಮನಸ್ಸಾಗಲಿಲ್ಲ. ಎಲ್ಲ ಹೇಳಿದೆ. ಒಳಗಿನಿಂದ ಒಂದು ಕೆಮ್ಮು.

“ಹೋದ ವರ್ಷ ಇಲ್ಲಿ ಚಾದಂಗಡಿಯವರ ಸ್ವರದಲ್ಲಿ ಬಂದು ಪಾಪ ಹೇಳಿದವ ನೀನೇ ಅಲ್ವಾ?”

“ಹೌದು, ಪಾದ್ರಿಗಳೇ.”

“ಆ ಮನುಷ್ಯ ಹಿಂದೂ. ಜ್ಞಾನಸ್ನಾನ ಇಲ್ಲದವರಿಗೆ ನಾನು ಎಂತ ಪ್ರಾಯಶ್ಚಿತ್ತ ಕೊಡುವುದು ಅಂತ ಒಂದು ವಾರ ಯೋಚನೆ ಮಾಡಿದ್ದೇನೆ.” ಮತ್ತೊಂದು ಕೆಮ್ಮು. “ಈ ಕೆಮ್ಮನ್ನೂ ತೆಗೀತೀಯಂತೆ.”

“ತೆಗೀತೇನೆ.”

“ಹ್ಞೂಂ. ಪಾಸ್ಕಾದವರೆಗೆ ಯಾರ ಸ್ವರವೂ ಬೇಡ. ನಿನ್ನದರಲ್ಲೇ ಮಾತಾಡು. ಸಾಕು, ಹೋಗು.”

ಹತ್ತು ಸಲ ಪ್ರಾರ್ಥನೆ ಹೇಳು ಎಂದಿದ್ದರೆ ಸಂಜೆಯೊಳಗೆ ಮುಗಿಸಿ ಬಿಡುತ್ತಿದ್ದೆ. ಇದು ಕಷ್ಟದ ಕೆಲಸ. ‘ನಾಳೆ ಬನ್ನಿ’ ಎನ್ನಲು ಬಾಯಿ ತೆರೆದರೆ ಭಟ್ಕಳದ ಸಾಹೇಬರು ಹೊರಗೆ ಬರುತ್ತಿದ್ದರು. ಅವರನ್ನು ನುಂಗಿದರೆ ಹಿಂದೆ ಕಂಡಕ್ಟರು. ಎಲ್ಲರನ್ನೂ ನುಂಗಿದ ಮೇಲೆ ಉಳಿದದ್ದು ಕಾಗದದ ಹಾಗೆ ತೆಳ್ಳಗಿನ, ಯಾರದೂ ಅಲ್ಲದ ಒಂದು ಸ್ವರ. ಅಜ್ಜಿ ಒಂದು ದಿನ ರವಿಕೆಗೆಂದು ಬಂದು, ನಾನು ಮಾತಾಡುವುದನ್ನು ಕೈಯನ್ನು ಕಿವಿಗೆ ಅಡ್ಡ ಹಿಡಿದು ಕೇಳಿ, “ಜ್ವರ ಬಂದದ್ಯಾ, ತಮಾ?” ಎಂದಳು. ಇಲ್ಲ ಎಂದೆ. “ಹಾಂಗಾರೆ ಹುಷಾರಿರು, ಬರೂ ಹಾಂಗೆ ಕಾಣ್ತದೆ,” ಎಂದು ಶುಂಠಿ ತುಂಡು ಕೊಟ್ಟು ಹೋದಳು.

ಇಗರ್ಜಿಯಲ್ಲಿ ನಾನು ಹೊಲಿದ ಮುಸುಕುಗಳನ್ನು ಐವರಿಗೂ ತೊಡಿಸಿದ್ದರು. ಒಬ್ಬ ಸಂತನಿಗೆ ಸ್ವಲ್ಪ ಗಿಡ್ಡವಾಗಿ ಕಾಲ್ಬೆರಳು ಕಾಣುತ್ತಿತ್ತು. ನನ್ನನ್ನೂ ಸೇರಿಸಿ ಆರು, ರೇಡಿಯೋ ಸೇರಿಸಿ ಏಳು ಎಂದುಕೊಂಡೆ. ಅಪ್ಪನನ್ನು ಲೆಕ್ಕಕ್ಕೆ ಸೇರಿಸಲು ಧೈರ್ಯ ಬರಲಿಲ್ಲ.

ಶುಭ ಶುಕ್ರವಾರ ಇಗರ್ಜಿಯ ಗಂಟೆ ಹೊಡೆಯುವುದಿಲ್ಲ. ಗಂಟೆಯ ಬದಲಿಗೆ ಮರದ ಮತ್ರಾಕನ್ನು, ಹಲಗೆಯ ಮೇಲೆ ಸುತ್ತಿಗೆ ಬಡಿಯುವ ಒಂದು ಸಾಧನವನ್ನು, ಬೀದಿಯಲ್ಲಿ ಅಲ್ಲಾಡಿಸುತ್ತ ಹೋಗಿ ಜನರನ್ನು ಕರೆಯುತ್ತಾರೆ. ಅದು ನಮ್ಮ ಮನೆಯ ಮುಂದೆ ಟಕಟಕ ಎಂದು ಹೋದಾಗ, ಎಷ್ಟೋ ದಿನ ಸುಮ್ಮನಿದ್ದ ಗಜದ ಕೋಲು ಒಳಗಿನಿಂದ ಟಕಟಕ ಎಂದಿತು. ಎರಡಲ್ಲ, ಮೂರಲ್ಲ, ಮತ್ರಾಕಿನ ಹಾಗೇ. ಅದು ದೂರ ಹೋಗುವವರೆಗೆ ಅಪ್ಪ ಬಿಡದೆ ಕುಟ್ಟಿದರು. ಮಿಮಿಕ್ರಿ ಯಾವ ಕಡೆಯಿಂದ ನನಗೆ ಬಂತೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೆಂದು ನನ್ನ ಅಂದಾಜು.

ಮರುದಿನ ಶನಿವಾರ. ಅಂಗಡಿಯಲ್ಲಿ ಕೊನೆಯ ಫ್ರಾಕಿಗೆ ಗುಂಡಿ ಹಾಕಿ ಮಧ್ಯಾಹ್ನ ಮನೆಗೆ ಬಂದೆ. ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಮ್ಮ ಒಲೆಯ ಮುಂದೆ ಹಾಲಿಲ್ಲದ ಕಣ್ಣ ಚಾ ಕುದಿಸುತ್ತಿದ್ದಳು, ನಲವತ್ತು ದಿನದಿಂದ ಮನೆಗೆ ಹಾಲು ತಂದಿಲ್ಲ. ಅವಳ ಕೈಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

“ನಲವತ್ತು ದಿನ ಆತು,” ಎಂದಳು.

“ಹ್ಞೂಂ.”

“ಬರಲಿಲ್ಲ.”

“ಇಲ್ಲ.”

“ಮುಂದೆ ಬರೂದೂ ಇಲ್ಲ. ನನಗೆ ಕಾಣ್ತದೆ.” ಸ್ವರದಲ್ಲಿ ಅಳು ಇರಲಿಲ್ಲ. ದಿನದ ಕೆಲಸ ಮುಗಿಸಿ ಚಿಮಣಿ ಆರಿಸುವಾಗಿನ ಸ್ವರ. ಸೌದೆಯನ್ನು ಹಿಂದಕ್ಕೆ ಎಳೆದಳು. “ಪುತಾ, ಅವತ್ತು ಹೇಳಿದ್ದಲ್ಲ. ಅದನ್ನ ಇನ್ನೊಂದ್ ಸಲ ಹೇಳು.”

ನಾನು ಅವಳ ಮುಖ ನೋಡಿದೆ.

“ಪಾದ್ರಿಗಳು ಬೇಡ ಅಂದಿದ್ದಾರೆ, ಮಾಯ್. ಪಾಸ್ಕಾ ನಾಳೆ. ಇವತ್ತು ರಾತ್ರಿ ಪೂಜೆ ಆಗುವವರೆಗೆ ಉಪವಾಸ.”

“ಅದು ಹೊಸ ಲೆಕ್ಕ.”

ಹೌದು. ಕೆಲವು ವರ್ಷಗಳ ಹಿಂದಿನವರೆಗೆ ಶನಿವಾರ ಮಧ್ಯಾಹ್ನಕ್ಕೇ ತಪಸ್ಸುಕಾಲ ಮುಗಿಯುತ್ತಿತ್ತು. ಆಮೇಲೆ ರೋಮಿನಿಂದ ಹೊಸ ನಿಯಮ ಬಂತು, ನಡುರಾತ್ರಿಯವರೆಗೆ ಎಳೆದರು. ಅಮ್ಮನ ವಯಸ್ಸಿನವರು ಹೊಸದನ್ನು ನಡೆಸುತ್ತಿದ್ದರು, ಹಳೆಯದನ್ನು ಮರೆತಿರಲಿಲ್ಲ.

“ನಾನು ಮದುವೆಯಾಗಿ ಬಂದಾಗ ಹಳೇ ಲೆಕ್ಕ ಇತ್ತು,” ಎಂದಳು. “ಹಳೇ ಲೆಕ್ಕದಲ್ಲಿ ಮಧ್ಯಾಹ್ನ ಆತು. ಹೇಳು.”

ಪೆಟ್ಟಿಗೆ ಬೇರೆ ನಾನು ಬೇರೆ ಎಂದು ವಾದಿಸಿದವನ ತಾಯಿ ಅವಳು. ನಾನು ಕಾಲರಿಗೆ ಕೈ ಹಾಕಿದೆ. ಎರಡು ಪಿನ್ನು ಇದ್ದವು. ಕಚ್ಚಿದೆ. ಎರಡು ವಾರಕ್ಕಿಂತ ಹೆಚ್ಚು ನನ್ನ ಸ್ವರ ಬಿಟ್ಟು ಬೇರೆ ಮುಟ್ಟದ ಗಂಟಲು, ಅಪ್ಪನದು ಬರುತ್ತದೋ ಇಲ್ಲವೋ ಎಂಬ ಅಳುಕು. ಬಂತು. ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ, ನಡುವೆ ಎಲ್ಲೋ ನನ್ನದೂ ಸ್ವಲ್ಪ ಬೆರೆತಿತ್ತು.

“ಕೇಳಿತೇನೇ? ಚಾ ಆತಾ?”

ಅಮ್ಮ ನನ್ನ ಕಡೆ ನೋಡಲಿಲ್ಲ. ಚಾ ಲೋಟಕ್ಕೆ ಬಗ್ಗಿಸುತ್ತಿದ್ದವಳು ಅಪ್ಪನ ಕೋಣೆಯ ಕಡೆ ಮುಖ ಮಾಡಿ, ಮೊದಲೆಲ್ಲ ಹೇಳುತ್ತಿದ್ದ ಹಾಗೇ, ಸ್ವಲ್ಪ ಸಿಡುಕಿನಿಂದಲೇ ಹೇಳಿದಳು:

“ಕೇಳಿತು, ಕೇಳಿತು. ಎಂತ ಅವಸರ. ಬಂದೆ.”

ಲೋಟ ಹಿಡಿದು ಎದ್ದಳು. ಅಷ್ಟರಲ್ಲಿ ಕೋಣೆಯಿಂದ ಮಂಚದ ಕಾಲಿನ ಮೇಲೆ ಪೆಟ್ಟು ಬಿತ್ತು. ಒಂದು. ಎರಡು. ನಾವಿಬ್ಬರೂ ನನ್ನನ್ನು ಕರೆಯುವ ಮೂರನೆಯದಕ್ಕಾಗಿ ಕಿವಿ ಕೊಟ್ಟೆವು. ಮೂರನೆಯದು ಬೀಳಲಿಲ್ಲ.

“ರೇಡಿಯೋ ಕೇಳ್ತಾ ಇದ್ದಾರೆ,” ಎಂದೆ.

“ರೇಡಿಯೋಕ್ಕೆ ಹೊಸ ಲೆಕ್ಕ. ಅದು ನಾಳೆಗೆ,” ಎಂದಳು ಅಮ್ಮ, ಹೊಸ್ತಿಲಲ್ಲಿ ನಿಂತು. “ನೀನು ಬಾ. ಪಿನ್ನು ತೆಗೀಬೇಡ.”